ಪಾಥೇಯವಿಚಾರ: ಶ್ರಾವಕನ ಬುತ್ತಿಯ ಭಕ್ಷ್ಯಗಳು

ಇಂದಿನ ಕನ್ನಡದಲ್ಲಿ ‘ಸಂಬಳ’ವೆಂದರೆ ತಿಂಗಳ ವೇತನ. ಸಂಸ್ಕೃತದ ‘ಶಂಬಲ’ ಅಥವಾ ‘ಸಂಬಲ’ ಶಬ್ದಕ್ಕಾದರೋ ಪಯಣಿಗನು ದಾರಿಯಲ್ಲಿ ಉಣ್ಣಲು ಕಟ್ಟಿಕೊಂಡು ಹೋಗುವ ಆಹಾರವೆಂದು ಅರ್ಥ. ‘ಪಾಥೇಯ’ವೂ ಅದೇ. ಜನರ ಬಾಯಲ್ಲಿ ಉಳಿದಿರುವ ‘ಬುತ್ತಿ’ಯನ್ನು ನಿಘಂಟುಕಾರರು ‘ಭುಕ್ತಿ’ಯ ತದ್ಭವವೆಂದು ಗ್ರಹಿಸಿದ್ದಾರೆ. ಜೈನ ವಾಙ್ಮಯದಲ್ಲಿ ಪಾಥೇಯವು ಬಹು ಹಳೆಯ ಉಪಮಾನ. ಶ್ವೇತಾಂಬರ ಆಗಮವಾದ ಉತ್ತರಾಧ್ಯಯನದ 19ನೆಯ ಅಧ್ಯಯನದಲ್ಲಿ ಮೃಗಾಪುತ್ರನು ತಾಯಿತಂದೆಗಳ ಮುಂದೆ, ಪಾಥೇಯವಿಲ್ಲದೆ ದೂರದ ದಾರಿ ಹಿಡಿದವನು ಹಸಿವು ನೀರಡಿಕೆಗಳಿಂದ ಬಳಲುವಂತೆ ಧರ್ಮವಿಲ್ಲದೆ ಪರಭವಕ್ಕೆ ಹೋಗುವವನೂ ಬಳಲುತ್ತಾನೆಂದು ಹೇಳುತ್ತಾನೆ. ಜ್ಞಾತೃಧರ್ಮಕಥೆಯ 15ನೆಯ ಅಧ್ಯಯನದಲ್ಲಿ ಉಪಮಾನವಲ್ಲ, ನಿಜವಾದ ಬುತ್ತಿಯೇ ಬರುತ್ತದೆ. ಚಂಪಾನಗರದಿಂದ ಅಹಿಚ್ಛತ್ರಕ್ಕೆ ಹೊರಟ ಧನ್ಯ ಸಾರ್ಥವಾಹನು, ತನ್ನ ಸಾರ್ಥದೊಡನೆ ಬರುವವರಲ್ಲಿ ಕೊಡೆಯಿಲ್ಲದವರಿಗೆ ಕೊಡೆಯನ್ನೂ ಪಾದರಕ್ಷೆಯಿಲ್ಲದವರಿಗೆ ಪಾದರಕ್ಷೆಯನ್ನೂ ಪಾಥೇಯವಿಲ್ಲದವರಿಗೆ ಪಾಥೇಯವನ್ನೂ ಕೊಡುವುದಾಗಿ ಡಂಗುರ ಹೊಯ್ಯಿಸುತ್ತಾನೆ. ಮಾರ್ಗಮಧ್ಯದ ನಂದಿವೃಕ್ಷಗಳ ಸುಂದರವಾದ ಹಣ್ಣನ್ನು ಯಾರೂ ಮುಟ್ಟಬಾರದೆಂದು ಎಚ್ಚರಿಸುತ್ತಾನೆ. ಅವನ ಮಾತು ಕೇಳದೆ ತಿಂದವರು ಸಾಯುತ್ತಾರೆ. ದಾರಿಯಲ್ಲಿ ಸಿಕ್ಕಿದ್ದನ್ನು ತಿನ್ನುವವನಿಗೂ ಕಟ್ಟಿಕೊಂಡು ಬಂದದ್ದನ್ನು ತಿನ್ನುವವನಿಗೂ ಇರುವ ಅಂತರವೇ ಆ ಕಥೆಯ ಹುರುಳು.

ಆದರೆ ಶ್ರಾವಕನು ಕಟ್ಟಿಕೊಳ್ಳಬೇಕಾದದ್ದು ಏನು? ಈ ಪ್ರಶ್ನೆಗೆಂದೇ ಮೀಸಲಾದ ಗ್ರಂಥವನ್ನು ಭಂಡಾರಗಳ ಸೂಚಿಗಳಲ್ಲಿ ಅರಸುವುದಕ್ಕಿಂತ, ಆಚಾರಗ್ರಂಥ, ಸಿದ್ಧಾಂತವ್ಯಾಖ್ಯಾನ, ಸೂಪಶಾಸ್ತ್ರ ಇವುಗಳಲ್ಲಿ ಚದುರಿಹೋದ ವಿಧಿಗಳನ್ನು ಒಂದೆಡೆ ಇಟ್ಟು ನೋಡುವುದು ಫಲಕಾರಿ. ಹಾಗೆ ನೋಡಿದಾಗ, ‘ಒಣಗಿದ್ದೆಲ್ಲ ಭಕ್ಷ್ಯ, ಹಸಿಯದೆಲ್ಲ ವರ್ಜ್ಯ’ ಎಂದು ಲೋಕದಲ್ಲಿ ರೂಢವಾಗಿರುವ ಸುಲಭಸೂತ್ರವು ಆಚಾರ್ಯರ ಅಭಿಪ್ರಾಯವನ್ನು ಅರ್ಧಮಾತ್ರ ಹೇಳುತ್ತದೆಂಬುದು ಸ್ಪಷ್ಟವಾಗುತ್ತದೆ.

ಮೊದಲು ಆ ಅರ್ಧವನ್ನು ಪರಿಶೀಲಿಸಬಹುದು. ಸಮಂತಭದ್ರಾಚಾರ್ಯರು ರತ್ನಕರಂಡಕದ ಭೋಗೋಪಭೋಗಪರಿಮಾಣ ಪ್ರಕರಣದಲ್ಲಿ, ಫಲ ಅಲ್ಪವಾಗಿ ಜೀವವಿಘಾತ ಬಹಳವಾಗುವ ಕಾರಣ ತ್ಯಜಿಸಬೇಕಾದ ವಸ್ತುಗಳನ್ನು ಎಣಿಸುತ್ತಾರೆ: ಮೂಲಂಗಿ, ಶೃಂಗವೇರ, ಬೆಣ್ಣೆ, ಬೇವಿನ ಹೂ, ಕೇದಗೆ. ಇಲ್ಲಿ ಶೃಂಗವೇರಕ್ಕೆ ‘ಆರ್ದ್ರ’ವೆಂಬ ವಿಶೇಷಣವಿರುವುದು ಗಮನಾರ್ಹ. ನಿಷೇಧವು ಹಸಿಶುಂಠಿಗೆ, ಒಣಶುಂಠಿಗಲ್ಲ. ಅರಿಸಿನ ಶುಂಠಿಗಳೆರಡೂ ನೆಲದಡಿಯ ಕಂದಗಳಾಗಿದ್ದರೂ, ಒಣಗಿದ ರೂಪದಲ್ಲಿ ಅವು ಜೈನ ಅಡುಗೆಮನೆಯಲ್ಲಿ ನಿರಾತಂಕವಾಗಿ ಉಳಿದುದಕ್ಕೆ ಆಧಾರ ಈ ಬಗೆಯ ವಿವೇಚನೆಯೇ. ಹುರಿಹಿಟ್ಟಿಗಾಗಲಿ ಎಳ್ಳುಂಡೆಗಾಗಲಿ ಶುಂಠಿಯ ಪುಡಿ ಬೆರೆಸುವ ಗೃಹಿಣಿಗೆ ಈ ವಿಶೇಷಣದ ಅರಿವಿಲ್ಲದಿರಬಹುದು, ಆದರೆ ಆಕೆಯ ಕೈ ಅದನ್ನು ಬಲ್ಲದು.

ಇದರ ಹಿಂದಿರುವ ಸಾಮಾನ್ಯ ನಿಯಮವು ಅನಿರೀಕ್ಷಿತವಾದ ಸ್ಥಳದಲ್ಲಿ ದೊರೆಯುತ್ತದೆ. ಗೊಮ್ಮಟಸಾರದ ಜೀವಕಾಂಡದಲ್ಲಿ ಹತ್ತು ಬಗೆಯ ಸತ್ಯವಚನಗಳ ನಿರೂಪಣೆಯಿದೆ. ಅವುಗಳಲ್ಲಿ ‘ಭಾವಸತ್ಯ’ವೆಂದರೆ ಇಂದ್ರಿಯಕ್ಕೆ ಗೋಚರವಾಗದ ವಿಷಯದಲ್ಲಿ ಆಗಮೋಕ್ತ ವಿಧಿನಿಷೇಧಗಳನ್ನು ಅನುಸರಿಸಿ ಆಡುವ ಮಾತು. ವ್ಯಾಖ್ಯಾನವು ಇದಕ್ಕೆ ಕೊಡುವ ಉದಾಹರಣೆ ಆಹಾರದ್ದು: ಒಣಗಿದ, ಬೆಂದ, ಕಾದ, ಹುಳಿ ಉಪ್ಪುಗಳಿಂದ ಮಿಶ್ರವಾದ ದ್ರವ್ಯವು ಪ್ರಾಸುಕ, ಅದರ ಸೇವನೆಯಿಂದ ಪಾಪಬಂಧವಿಲ್ಲ ಎಂಬ ವಚನ. ಕಣ್ಣಿಗೆ ಕಾಣದ ಜೀವಗಳ ವಿಷಯದಲ್ಲಿ ‘ಇದು ಪ್ರಾಸುಕ’ ಎನ್ನುವುದು ಸತ್ಯವೇ ಎಂಬ ಶಂಕೆಗೆ ಅಲ್ಲಿ ಉತ್ತರವಿದೆ. ಅಭಯಸೂರಿಯ ಶಿಷ್ಯನಾದ ಕೇಶವಣ್ಣನು ಶಕ 1281ರಲ್ಲಿ (ಕ್ರಿ. ಶ. 1359) ಮುಗಿಸಿದ ಕನ್ನಡ ವೃತ್ತಿಯೇ ಮುಂದಿನ ಸಂಸ್ಕೃತ ಜೀವತತ್ತ್ವಪ್ರದೀಪಿಕೆಗೆ ಆಧಾರವೆಂಬುದು ಡಾ. ಆ. ನೇ. ಉಪಾಧ್ಯೆಯವರ ಶೋಧನೆಯಿಂದ ಖಚಿತವಾದ ಸಂಗತಿ. ಭಾರತೀಯ ಜ್ಞಾನಪೀಠದ ಮುದ್ರಣದಲ್ಲಿ ಎರಡೂ ಒಟ್ಟಿಗೆ ದೊರೆಯುತ್ತವೆ. ಬುತ್ತಿಯ ವಿಚಾರವನ್ನು ಅರಸುವವನು ಸತ್ಯವಚನದ ಪ್ರಕರಣವನ್ನು ತೆರೆಯಬೇಕಾಗುವುದು ವಿಚಿತ್ರವೆನಿಸಿದರೂ ಯುಕ್ತವೇ ಆಗಿದೆ. ‘ಇದನ್ನು ತಿನ್ನಬಹುದು’ ಎಂದು ಇನ್ನೊಬ್ಬನ ಕೈಗೆ ಕೊಡುವುದು ಒಂದು ವಚನವೇ ತಾನೆ.

ಇನ್ನು ಉಳಿದರ್ಧ. ಶುಷ್ಕತ್ವವೊಂದೇ ಸಾಕೆನ್ನುವವರಿಗೆ ಅಮೃತಚಂದ್ರಾಚಾರ್ಯರ ಪುರುಷಾರ್ಥಸಿದ್ಧ್ಯುಪಾಯವು ತಡೆಯೊಡ್ಡುತ್ತದೆ. ಎರಡು ಬಗೆಯ ಉದುಂಬರ, ಬಸರಿ, ಆಲ, ಅರಳಿ ಇವುಗಳ ಹಣ್ಣುಗಳು ತ್ರಸಜೀವಗಳ ಯೋನಿಯೆಂದು ಹೇಳಿದ ಮೇಲೆ ಅವರು ಒಂದು ಪೂರ್ವಪಕ್ಷವನ್ನು ತಾವೇ ಊಹಿಸಿ ಪರಿಹರಿಸುತ್ತಾರೆ. ಕಾಲಕ್ರಮದಲ್ಲಿ ಒಣಗಿ, ಒಳಗಿನ ತ್ರಸಜೀವಗಳು ಇಲ್ಲವಾದ ಹಣ್ಣನ್ನು ತಿನ್ನಬಹುದೇ? ಬಾರದು, ಏಕೆಂದರೆ ಅಂಥದನ್ನು ತಿನ್ನುವವನಲ್ಲಿ ವಿಶಿಷ್ಟವಾದ ರಾಗವಿರುತ್ತದೆ, ರಾಗವೇ ಹಿಂಸೆ. ಅತ್ತಿಯ ಜಾತಿಯ ಕಾಯಿಗಳೊಳಗೆ ಸಣ್ಣ ಕಣಜಗಳು ಹೊಕ್ಕು ಮೊಟ್ಟೆಯಿಡುವುದನ್ನು ಸಸ್ಯವಿಜ್ಞಾನವು ವಿವರವಾಗಿ ದಾಖಲಿಸಿದೆ. ಮರದ ಪರಾಗಸ್ಪರ್ಶವೇ ಆ ಕೀಟಗಳನ್ನು ಅವಲಂಬಿಸಿದೆ. ಆಚಾರ್ಯರ ಮೊದಲ ಮಾತಿಗೆ ಇದು ಪುಷ್ಟಿ. ಎರಡನೆಯ ಮಾತಿಗಾದರೋ ಸೂಕ್ಷ್ಮದರ್ಶಕದ ಅಗತ್ಯವಿಲ್ಲ. ಒಣಗಿದ ಅಂಜೂರವು ಹಗುರ, ಸಿಹಿ, ತಿಂಗಳುಗಟ್ಟಲೆ ಕೆಡದ ವಸ್ತು. ಪಯಣಕ್ಕೆ ಅದಕ್ಕಿಂತ ಅನುಕೂಲವಾದ ತಿನಿಸು ವಿರಳ. ಕಾಕೋದುಂಬರವೆಂದರೆ ಅಂಜೂರವೇ ಎಂದು ಗ್ರಹಿಸುವ ಪರಂಪರೆಯಲ್ಲಿ ಅದೂ ಬುತ್ತಿಯಿಂದ ಹೊರಗೆ ಉಳಿಯಿತು.

ಶುಂಠಿಗೆ ಒಪ್ಪಿಗೆ, ಒಣ ಅಂಜೂರಕ್ಕೆ ನಿಷೇಧ: ಇವೆರಡನ್ನೂ ಒಟ್ಟಿಗೆ ಓದಿದಾಗಲೇ ಒಂದು ಆಧುನಿಕ ವಿವಾದಕ್ಕೆ ಸಮಾಧಾನ ದೊರೆಯುತ್ತದೆ. ಆಲೂಗೆಡ್ಡೆ ಪೋರ್ಚುಗೀಸರ ಆಗಮನದ ಅನಂತರ ಭಾರತಕ್ಕೆ ಬಂದ ಕಂದ. ಪ್ರಾಚೀನ ಶ್ರಾವಕಾಚಾರಗಳಲ್ಲಿ ಅದರ ಹೆಸರಿಲ್ಲ, ಅನಂತಕಾಯದ ಜಾತಿಯಿಂದಲೇ ಅದರ ನಿಷೇಧ. ಅದನ್ನು ತೆಳ್ಳಗೆ ಸೀಳಿ ಒಣಗಿಸಿ ಕರಿದರೆ ಶುಂಠಿಯ ನ್ಯಾಯ ಅನ್ವಯಿಸಬಾರದೇಕೆ ಎಂದು ತರುಣರು ಕೇಳುವುದುಂಟು. ಪ್ರಶ್ನೆ ಅಪಹಾಸ್ಯಕ್ಕೆ ಅರ್ಹವಲ್ಲ, ಶಾಸ್ತ್ರೀಯವಾಗಿಯೇ ಉತ್ತರಿಸತಕ್ಕದ್ದು. ಒಣಶುಂಠಿ ಚಿಟಿಕೆಯಷ್ಟು ಸಾಕಾಗುವ ಔಷಧದ್ರವ್ಯ. ಗೆಡ್ಡೆಯ ಹಪ್ಪಳವಾದರೋ ಹೊಟ್ಟೆ ತುಂಬಿಸಲು, ನಾಲಗೆಯ ಸವಿಗಾಗಿ, ಹಸಿಯದನ್ನು ಬೇಕೆಂದೇ ಕತ್ತರಿಸಿ ಮಾಡಿದ್ದು. ಸಮಂತಭದ್ರರ ‘ಅಲ್ಪಫಲ ಬಹುವಿಘಾತ’ದ ತಕ್ಕಡಿಯಲ್ಲಿಟ್ಟರೆ ವಿಘಾತದ ಕಡೆ ತೂಗುತ್ತದೆ, ಅಮೃತಚಂದ್ರರ ರಾಗಪರೀಕ್ಷೆಯಲ್ಲಿಯೂ ಅದು ನಿಲ್ಲದು. ಒಣಗಿದ ಅವಸ್ಥೆಯಷ್ಟೇ ಅಲ್ಲ, ಒಣಗಿಸುವ ಉದ್ದೇಶವೂ ವಿಚಾರಣೀಯವೆಂಬುದು ಎರಡು ಆಚಾರ್ಯವಚನಗಳ ಸಮನ್ವಯದಿಂದ ಹೊರಡುವ ನಿರ್ಣಯ.

ಬುತ್ತಿಯ ಪದಾರ್ಥಕ್ಕಿಂತಲೂ ಬುತ್ತಿಯ ಪಾತ್ರೆ ಆಚಾರ್ಯರಿಗೆ ಹೆಚ್ಚು ಚಿಂತೆಯನ್ನುಂಟುಮಾಡಿತ್ತು. ಸೋಮದೇವಸೂರಿಯು ಯಶಸ್ತಿಲಕದಲ್ಲಿ (ಕ್ರಿ. ಶ. 959) ವ್ರತಸ್ಥನು ‘ದೃತಿ’ಯಲ್ಲಿಟ್ಟ ನೀರನ್ನೂ ‘ಕುತುಪ’ದಲ್ಲಿಟ್ಟ ಎಣ್ಣೆತುಪ್ಪಗಳನ್ನೂ ಬಿಡಬೇಕೆನ್ನುತ್ತಾನೆ. ದೃತಿಯೆಂದರೆ ತೊಗಲಿನ ನೀರಚೀಲ. ಕುತುಪವೆಂದರೆ ಕನ್ನಡನಾಡಿನಲ್ಲಿ ಸಿದ್ದಿಗೆಯೆಂದು ಕರೆಯಲಾಗುತ್ತಿದ್ದ ತೊಗಲ ಬುದ್ದಲಿ. ಎತ್ತಿನ ಬೆನ್ನಮೇಲೆ, ಗಾಡಿಯ ಕುಲುಕಾಟದಲ್ಲಿ ಮಣ್ಣಿನ ಮಡಕೆ ಒಡೆಯುತ್ತದೆ, ಲೋಹದ ಪಾತ್ರೆ ಭಾರ ಮತ್ತು ದುಬಾರಿ. ಆದ್ದರಿಂದ ಸಾರ್ಥಗಳಲ್ಲಿ ತೊಗಲಿನ ಪಾತ್ರೆಯೇ ಸಾಮಾನ್ಯ. ಸುಮಾರು ಮೂರು ಶತಮಾನಗಳ ತರುವಾಯ ಪಂಡಿತ ಆಶಾಧರನು ಸಾಗಾರಧರ್ಮಾಮೃತದಲ್ಲಿ (ಅದರ ಸ್ವೋಪಜ್ಞಟೀಕೆ ಮುಗಿದದ್ದು ವಿ. ಸಂ. 1296, ಅಂದರೆ ಕ್ರಿ. ಶ. 1239ರಲ್ಲಿ) ಇದೇ ವಿಷಯವನ್ನು ಮಾಂಸವ್ರತದ ಅತಿಚಾರಗಳಲ್ಲಿ ಸೇರಿಸಿ, ತೊಗಲಿನಲ್ಲಿದ್ದ ನೀರು, ತೊಗಲಿನಲ್ಲಿದ್ದ ಸ್ನೇಹದ್ರವ್ಯ, ಇವುಗಳ ಜೊತೆಗೆ ತೊಗಲಿನ ಸಂಪರ್ಕದ ಇಂಗನ್ನೂ ಹೆಸರಿಸುತ್ತಾನೆ. ಇಂಗು ವಾಯವ್ಯದ ಆಚೆಯ ನಾಡುಗಳಿಂದ ತೊಗಲಿನಲ್ಲಿ ಹೊಲಿದು ಬರುತ್ತಿದ್ದ ಸರಕು. ಅವಲಕ್ಕಿಯ ಒಗ್ಗರಣೆಗೆ ಚಿಟಿಕೆ ಇಂಗು ಹಾಕುವಾಗ ಅದು ಯಾವ ಕಟ್ಟಿನಲ್ಲಿ ಬಂತೆಂದು ಕೇಳುವಷ್ಟು ದೂರ ಆಶಾಧರನ ದೃಷ್ಟಿ ಹೋಗಿತ್ತು. ಅದೇ ಪದ್ಯದಲ್ಲಿ ‘ವ್ಯಾಪನ್ನ’, ಅಂದರೆ ಕೆಟ್ಟುಹೋದ ಎಲ್ಲ ಭೋಜ್ಯವನ್ನೂ ಮಾಂಸವ್ರತದ ದೋಷದಲ್ಲಿಯೇ ಎಣಿಸಿರುವುದು ಇನ್ನೂ ಮಹತ್ತ್ವದ ಮಾತು. ಹಳಸಿದ ಸಸ್ಯಾಹಾರ ಶ್ರಾವಕನಿಗೆ ಸಸ್ಯಾಹಾರವಾಗಿ ಉಳಿಯುವುದಿಲ್ಲ.

ಹಾಗಾದರೆ ಹಳಸುವುದು ಯಾವಾಗ? ಮದ್ಯವ್ರತದ ಪ್ರಕರಣದಲ್ಲಿ ಆಶಾಧರನು ಎಲ್ಲ ಬಗೆಯ ಸಂಧಾನವನ್ನು, ಎರಡು ದಿನ ಮೀರಿದ ಮೊಸರು ಮಜ್ಜಿಗೆಗಳನ್ನು, ‘ಪುಷ್ಪಿತ’ವಾದ ಕಾಂಜಿಯನ್ನು ನಿಷೇಧಿಸುತ್ತಾನೆ. ಪುಷ್ಪಿತವೆಂದರೆ ಬೂಷ್ಟು ಹಿಡಿದದ್ದು. ಉಪ್ಪಿನಕಾಯಿಯಿಲ್ಲದ ಬುತ್ತಿ ಇತರರಿಗೆ ಬುತ್ತಿಯೇ ಅಲ್ಲ. ವ್ರತಿಕನು ಅದನ್ನು ಬಿಟ್ಟು ಆಯಾ ದಿನ ಹಿಂಡಿದ ನಿಂಬೆಯಲ್ಲಿ ತೃಪ್ತನಾಗಬೇಕು. ಮೊಸರನ್ನದ ಪ್ರಶ್ನೆ ಇನ್ನೂ ತೊಡಕಿನದು. ‘ಆಮಗೋರಸ’ದೊಡನೆ ಕೂಡಿದ ದ್ವಿದಲವು ಅಭಕ್ಷ್ಯವೆಂಬುದು ಅದೇ ಗ್ರಂಥದ ಐದನೆಯ ಅಧ್ಯಾಯದ ವಿಧಿ. ಕಡಲೆಬೇಳೆ ಉದ್ದಿನಬೇಳೆಗಳ ಒಗ್ಗರಣೆ ಕೊಟ್ಟ ಮೊಸರನ್ನವು ಕನ್ನಡನಾಡಿನ ಪ್ರಯಾಣದ ಅತ್ಯಂತ ಪರಿಚಿತ ಊಟ. ಹಾಲನ್ನು ಕಾಸಿ ಹೆಪ್ಪು ಹಾಕಿದ್ದರೆ ದೋಷವಿಲ್ಲವೆಂದು ಕೆಲವರು, ಮೊಸರು ತಾನೇ ಬೆಂಕಿ ಕಂಡಿರಬೇಕೆಂದು ಕೆಲವರು ಹೇಳುತ್ತ ಬಂದಿದ್ದಾರೆ. ಒಗ್ಗರಣೆಯನ್ನು ಸಾಸಿವೆಗೆ ಸೀಮಿತಗೊಳಿಸಿದರೆ ವಿವಾದಕ್ಕೆ ಎಡೆಯೇ ಇಲ್ಲ.

ಅದೇ ಪದ್ಯವು ಹಳೆಯ ದ್ವಿದಲಧಾನ್ಯವನ್ನು ಸಾಮಾನ್ಯವಾಗಿಯೂ, ಮಳೆಗಾಲದಲ್ಲಿ ಒಡೆಯದ ಇಡಿಕಾಳನ್ನು ವಿಶೇಷವಾಗಿಯೂ ಬಿಡಲು ಹೇಳುತ್ತದೆ. ತೇವದ ದಿನಗಳಲ್ಲಿ ಕಾಳಿನೊಳಗೆ ಹುಳು ಬೆಳೆಯುತ್ತದೆ, ಹೊರಗಿನಿಂದ ಕಾಣದು. ಈ ವಿಧಿಯ ಬೆಳಕಿನಲ್ಲಿ ಹುರಿಗಡಲೆಯ ಸ್ಥಾನವನ್ನು ನೋಡಬೇಕು. ಅದು ಹುರಿದದ್ದು, ಆದ್ದರಿಂದ ಪಕ್ವ ಮತ್ತು ಶುಷ್ಕ. ಸಿಪ್ಪೆ ತೆಗೆದದ್ದು, ಬೆರಳಿನಿಂದ ಒತ್ತಿದರೆ ಎರಡಾಗುವುದು, ಆದ್ದರಿಂದ ಒಳಗು ಕಣ್ಣಿಗೆ ಕಾಣುವುದು. ಹಿಟ್ಟಾಗದ್ದು, ಆದ್ದರಿಂದ ಹಿಟ್ಟಿನ ಕಾಲಮರ್ಯಾದೆ ಅದಕ್ಕೆ ತಗಲದು. ಬೆಲ್ಲದ ಚೂರು ಕೊಬ್ಬರಿಯ ಹೋಳಿನೊಡನೆ ಒಂದು ಹಿಡಿ ಹುರಿಗಡಲೆ ಹಸಿವನ್ನು ಬಹಳ ಹೊತ್ತು ತಡೆಯುತ್ತದೆ. ಭತ್ತವನ್ನು ಹುರಿದು ಅರಳಿಸಿದ ಅರಳು ಹಗುರವಾದರೂ ಹೊಟ್ಟೆಗೆ ನಿಲ್ಲುವುದಿಲ್ಲ, ಕಡಲೆ ನಿಲ್ಲುತ್ತದೆ.

ಹಿಟ್ಟಿನ ಕಾಲಮರ್ಯಾದೆಯ ಮಾತು ಬಂದದ್ದರಿಂದ ಅದನ್ನು ವಿವರಿಸುವುದು ಅವಶ್ಯ. 18ನೆಯ ಶತಮಾನದ ಕಿಶನಸಿಂಹನ ಕ್ರಿಯಾಕೋಶದಂಥ ಹಿಂದಿ ಗ್ರಂಥಗಳ ಪರಂಪರೆಯಲ್ಲಿ ಹರಿದುಬಂದು, ಕ್ಷುಲ್ಲಕ ಜಿನೇಂದ್ರವರ್ಣಿಯವರ ಜೈನೇಂದ್ರ ಸಿದ್ಧಾಂತಕೋಶದಲ್ಲಿ ಸಂಗ್ರಹಗೊಂಡಿರುವ ಪಟ್ಟಿಯಂತೆ ಹಿಟ್ಟಿಗೆ ಚಳಿಗಾಲದಲ್ಲಿ 7 ದಿನ, ಬೇಸಗೆಯಲ್ಲಿ 5 ದಿನ, ಮಳೆಗಾಲದಲ್ಲಿ 3 ದಿನ. ನೀರು ತಗಲದ ಪಕ್ವಾನ್ನಕ್ಕೂ ಇದೇ ಮಿತಿ. ತುಪ್ಪ ಎಣ್ಣೆಗಳನ್ನು ಕಲಸಿ ಮಾಡಿದ ಕರಿದ ಭಕ್ಷ್ಯಕ್ಕೆ 8 ಪ್ರಹರ, ರೊಟ್ಟಿ ಪೂರಿಗಳಿಗೆ 4 ಪ್ರಹರ, ಬೇಳೆ ಖಿಚಡಿ ಪಲ್ಯಗಳಿಗೆ 2 ಪ್ರಹರ. ಪ್ರಹರವೆಂದರೆ 3 ಗಂಟೆ. ಸಂಪ್ರದಾಯಭೇದದಿಂದ ಈ ಸಂಖ್ಯೆಗಳಲ್ಲಿ ವ್ಯತ್ಯಾಸವುಂಟು, ಆದರೆ ಕ್ರಮದ ತರ್ಕ ಎಲ್ಲೆಡೆ ಒಂದೇ: ನೀರಿನ ಅಂಶ ಹೆಚ್ಚಿದಂತೆ ಆಯುಸ್ಸು ಕಡಿಮೆ, ಗಾಳಿಯಲ್ಲಿ ತೇವ ಹೆಚ್ಚಿದಂತೆ ಇನ್ನೂ ಕಡಿಮೆ.

ಈ ಲೆಕ್ಕವನ್ನು ಪಯಣದ ಒಂದು ದಿನಕ್ಕೆ ಹೊಂದಿಸಿ ನೋಡಿದರೆ ಬುತ್ತಿಯ ರಚನೆ ತಾನಾಗಿ ತಿಳಿಯುತ್ತದೆ. ಅನಸ್ತಮಿತ ಭೋಜನದ ವ್ರತಿಗೆ ಹಗಲೇ ಊಟದ ಕಾಲ. ಅದರಲ್ಲಿಯೂ ಮೊದಲ ಮತ್ತು ಕೊನೆಯ ಮುಹೂರ್ತಗಳಲ್ಲಿ ಉಣ್ಣುವುದನ್ನು ಆಶಾಧರನು ಅತಿಚಾರವೆನ್ನುತ್ತಾನೆ. ಮುಹೂರ್ತವೆಂದರೆ 48 ನಿಮಿಷ. ಶ್ರವಣಬೆಳಗೊಳದ ಅಕ್ಷಾಂಶದಲ್ಲಿ ಡಿಸೆಂಬರಿನ ಅತಿ ಚಿಕ್ಕ ಹಗಲು ಸುಮಾರು 11 ಗಂಟೆ 20 ನಿಮಿಷ. ಎರಡು ಮುಹೂರ್ತ ಕಳೆದರೆ ಉಳಿಯುವುದು 10 ಗಂಟೆಗೂ ಕಡಿಮೆ. ಬೆಳಗಿನ ಆರೂವರೆಗೆ ಮಾಡಿದ ಹುಗ್ಗಿ ಮಧ್ಯಾಹ್ನ ಹನ್ನೆರಡೂವರೆಗೆ ಮರ್ಯಾದೆ ಮೀರುತ್ತದೆ. ಅದೇ ಹೊತ್ತಿನ ರೊಟ್ಟಿ ಸಂಜೆಯವರೆಗೆ ಬರುತ್ತದೆ, ಅಷ್ಟರಲ್ಲಿ ಹೊತ್ತು ಮುಳುಗುತ್ತದೆ. ಎರಡನೆಯ ದಿನಕ್ಕೆ ಚಕ್ಕುಲಿ ಕೋಡುಬಳೆಗಳೂ ನಿಲ್ಲವು, ಏಕೆಂದರೆ ಹಿಟ್ಟನ್ನು ನೀರಿನಲ್ಲಿ ಕಲಸಲಾಗಿದೆ. ಇಲ್ಲಿ ಮನೆಯ ಅನುಭವಕ್ಕೂ ಶಾಸ್ತ್ರದ ಪಟ್ಟಿಗೂ ಘರ್ಷಣೆಯಿರುವುದನ್ನು ಮರೆಮಾಚಬೇಕಿಲ್ಲ. ಗರಿಗರಿಯಾಗಿ ಕರಿದ ಚಕ್ಕುಲಿ ಡಬ್ಬಿಯಲ್ಲಿ ಹದಿನೈದು ದಿನವಾದರೂ ಕೆಡದೆಂಬುದು ಎಲ್ಲ ಗೃಹಿಣಿಯರಿಗೂ ಗೊತ್ತು, ಅವರ ಅನುಭವ ಸುಳ್ಳಲ್ಲ. ಕಲಸಿದಾಗ ಸೇರಿದ ನೀರು ಕರಿಯುವಾಗ ಬಹುಮಟ್ಟಿಗೆ ಆವಿಯಾಗುತ್ತದೆ. ಆದರೆ ಪಟ್ಟಿಯನ್ನು ಮಾಡಿದವರು ಅತ್ಯುತ್ತಮವಾಗಿ ಕರಿದ ಚಕ್ಕುಲಿಯನ್ನು ನೋಡಿ ಬರೆದವರಲ್ಲ. ಒಳಗೆ ಮೆತ್ತಗುಳಿದ ಚಕ್ಕುಲಿಯನ್ನೂ ಗಣನೆಗೆ ತಂದುಕೊಂಡವರು. ವ್ರತಿಕನಿಗೆ ಪಟ್ಟಿಯೇ ಪ್ರಮಾಣ. ಪಾಕ್ಷಿಕ ಶ್ರಾವಕನ ವಿಷಯದಲ್ಲಿ ಪಂಡಿತರು ಕಠೋರರಾಗದಿರುವುದು ಲೇಸು.

ಹೀಗೆ ಬಹುದಿನದ ಯಾತ್ರೆಗೆ ನಿಲ್ಲುವುದು ನೀರು ಕಾಣದ ಉಂಡೆ. ಹುರಿದ ಹಿಟ್ಟನ್ನಾಗಲಿ ರವೆಯನ್ನಾಗಲಿ ತುಪ್ಪದಲ್ಲಿ ಕಟ್ಟಿದ್ದು ಮಳೆಗಾಲದಲ್ಲಿ 3 ದಿನ, ಚಳಿಯಲ್ಲಿ 7 ದಿನ ಸಲ್ಲುತ್ತದೆ. ಬೆಲ್ಲದ ಪಾಕಕ್ಕೆ ನೀರು ಹಾಕಿದರೆ ವರ್ಗವೇ ಬದಲಾಗುವುದರಿಂದ, ಬೆಲ್ಲವನ್ನು ತುಪ್ಪದಲ್ಲಿಯೇ ಕರಗಿಸಿ ಉಂಡೆ ಕಟ್ಟುವುದು ಕ್ಷೇಮ. ಎಳ್ಳು ಬೆಲ್ಲಗಳನ್ನು ಕುಟ್ಟಿ ಕಟ್ಟಿದ ಉಂಡೆಗೆ ನೀರೂ ಬೇಡ, ಪಾಕವೂ ಬೇಡ. ಎಳ್ಳಿನ ಎಣ್ಣೆಯೇ ಅಂಟು. ಜೇನು ಅತ್ಯುತ್ತಮ ಅಂಟುದ್ರವ್ಯವಾದರೂ ಮಕಾರತ್ರಯದಲ್ಲಿ ಸೇರಿದ್ದರಿಂದ ಅದರ ಪ್ರಸ್ತಾಪವೇ ಇಲ್ಲ. ಉಗ್ರಾದಿತ್ಯನ ಕಲ್ಯಾಣಕಾರಕವು ಔಷಧದಲ್ಲಿಯೂ ಮದ್ಯಮಾಂಸಮಧುಗಳನ್ನು ಕೈಬಿಟ್ಟಿತೆಂದ ಮೇಲೆ ಭಕ್ಷ್ಯದ ಮಾತೇನು. ಗುಜರಾತಿನವರು ರೊಟ್ಟಿಯನ್ನು ಕಾವಲಿಯ ಮೇಲೆ ಒತ್ತಿ ಒತ್ತಿ ಹುರಿದು ‘ಖಾಖರಾ’ ಮಾಡುವುದೂ ರೊಟ್ಟಿಯೊಳಗಿನ ನೀರನ್ನು ಹೊರಗಟ್ಟುವ ಉಪಾಯವೇ. ದಕ್ಷಿಣದಲ್ಲಿ ಅನ್ನವೇ ಮುಖ್ಯವಾದದ್ದರಿಂದ ಅಂಥ ರೊಟ್ಟಿಗೆ ಬದಲು ಅವಲಕ್ಕಿಯ ಕಡೆಗೆ ಕೈ ಹೋಯಿತು.

ನೀರಿನ ವಿಷಯ ಸಂಕ್ಷೇಪವಾಗಿ: ಸೋಸಿದ ನೀರನ್ನು ಎರಡು ಮುಹೂರ್ತಗಳ ಬಳಿಕ ಮತ್ತೆ ಸೋಸದಿರುವುದು, ಸಣ್ಣ ಅಥವಾ ಹರಿದ ಬಟ್ಟೆಯಲ್ಲಿ ಸೋಸುವುದು, ಸೋಸಿ ಉಳಿದದ್ದನ್ನು ಬೇರೆ ಜಲಾಶಯಕ್ಕೆ ಚೆಲ್ಲುವುದು ಇವು ಆಶಾಧರನ ಪ್ರಕಾರ ದೋಷಗಳು. ಮೂರನೆಯದು ಪಯಣಿಗನಿಗೇ ಅತಿ ಕಷ್ಟದ್ದು. ಒಂದು ಊರ ಬಾವಿಯ ಜೀವಗಳನ್ನು ಇನ್ನೊಂದು ಊರ ಕೆರೆಗೆ ಒಯ್ಯುವಂತಿಲ್ಲ. ಲವಂಗವನ್ನೋ ಅಳಲೆಕಾಯಿಯನ್ನೋ ಹಾಕಿ ಪ್ರಾಸುಕಗೊಳಿಸಿದ ನೀರು 2 ಪ್ರಹರ, ಕುದಿಸಿದ್ದು 8 ಪ್ರಹರ ಸಲ್ಲುವುದೆಂಬ ರೂಢಿಯಿಂದ ಬುತ್ತಿಯ ಗಂಟಿನಲ್ಲಿ ಲವಂಗಕ್ಕೂ ಸ್ಥಳ ದೊರೆಯಿತು.

ಸೂಪಶಾಸ್ತ್ರಗಳ ಕಡೆಗೆ ತಿರುಗಿದರೆ, ಕಲ್ಲಹಳ್ಳಿಯ ಪ್ರಭು ಮೂರನೆಯ ಮಂಗರಸನು 16ನೆಯ ಶತಮಾನದ ಆದಿಯಲ್ಲಿ ರಚಿಸಿದ ‘ಸೂಪಶಾಸ್ತ್ರ’ವು ಕನ್ನಡ ಜೈನಕವಿಯೊಬ್ಬನ ಶುದ್ಧ ಸಸ್ಯಾಹಾರಪಾಕದ ಕೃತಿ. ಸಮ್ಯಕ್ತ್ವಕೌಮುದಿಯನ್ನೂ ನೇಮಿಜಿನೇಶಸಂಗತಿಯನ್ನೂ ಬರೆದ ಕೈಯೇ ಹಿಟ್ಟಿನ ಭಕ್ಷ್ಯಗಳನ್ನೂ ವಾರ್ಧಕಷಟ್ಪದಿಯಲ್ಲಿ ವರ್ಣಿಸಿತು. ಬದನೆಯ ಪಾಕಗಳು ಅದರಲ್ಲಿ ಹೇರಳವಾಗಿವೆ. ಪಶ್ಚಿಮ ಭಾರತದ ಶ್ವೇತಾಂಬರ ಪರಂಪರೆಯ 22 ಅಭಕ್ಷ್ಯಗಳ ಪಟ್ಟಿಯಲ್ಲಿ ವೃಂತಾಕ, ಅಂದರೆ ಬದನೆ ನಿಷಿದ್ಧ. ಆರ್. ವಿಲಿಯಮ್ಸ್‌ರು 1963ರ ‘ಜೈನ ಯೋಗ’ದಲ್ಲಿ ಆ ಪಟ್ಟಿಯನ್ನು ವಿಶ್ಲೇಷಿಸಿದ್ದಾರೆ. ಮಂಗರಸನಂಥ ಶ್ರದ್ಧಾವಂತನು ಬದನೆಯನ್ನು ಹೀಗೆ ಸವಿಸ್ತಾರವಾಗಿ ವರ್ಣಿಸಿದುದರಿಂದ, ಆ ಪಟ್ಟಿ ಕನ್ನಡನಾಡಿನ ಶ್ರಾವಕರಲ್ಲಿ ಆಗ ಇಂದಿನಷ್ಟು ವ್ಯಾಪಕವಾಗಿರಲಿಲ್ಲವೆಂದು ಊಹಿಸಲು ಅವಕಾಶವಿದೆ. ಅರಸುಮನೆತನದ ರಸಿಕತೆ ಬೇರೆ, ವ್ರತಿಕನ ಬುತ್ತಿ ಬೇರೆ ಎಂಬ ಆಕ್ಷೇಪಕ್ಕೂ ಬೆಲೆಯುಂಟು. ಸೂಪಶಾಸ್ತ್ರದ ವಿಷಯ ರುಚಿ ಮತ್ತು ಪಾಕಕ್ರಮ. ಕಾಲಮರ್ಯಾದೆಗೆ ಶ್ರಾವಕಾಚಾರವನ್ನೇ ನೋಡಬೇಕು. ಪಂ. ಕೆ. ಭುಜಬಲಿ ಶಾಸ್ತ್ರಿಗಳು 1948ರಲ್ಲಿ ಪ್ರಕಟಿಸಿದ ಕನ್ನಡ ಪ್ರಾಂತದ ತಾಡಪತ್ರ ಗ್ರಂಥಸೂಚಿಯಂಥ ಸೂಚಿಗಳನ್ನು ಬಳಸುವವರು ವಿಷಯವಿಭಾಗದ ಗೆರೆಯನ್ನು ದಾಟಿ ಎರಡೂ ಬಗೆಯ ಪ್ರತಿಗಳನ್ನು ಒಟ್ಟಿಗೆ ತರಿಸಿಕೊಂಡು ಓದಬೇಕಾದ ಸಂದರ್ಭ ಇದು.

ಈಗ ಅಂಗಡಿಗಳಲ್ಲಿ ‘ಜೈನ’ ಎಂದು ಅಚ್ಚು ಹಾಕಿದ ತಿಂಡಿಯ ಪೊಟ್ಟಣಗಳು ದೊರೆಯುತ್ತವೆ. ವಿಮಾನಗಳಲ್ಲಿಯೂ ಮೊದಲೇ ತಿಳಿಸಿದರೆ ಜೈನಭೋಜನವೆಂದು ಪ್ರತ್ಯೇಕ ತಟ್ಟೆ ಬರುತ್ತದೆ. ಈರುಳ್ಳಿ ಬೆಳ್ಳುಳ್ಳಿ ಗೆಡ್ಡೆಗಳಿಲ್ಲವೆಂಬುದಷ್ಟೇ ಇವುಗಳಿಂದ ಸಾಮಾನ್ಯವಾಗಿ ತಿಳಿಯುವುದು. ಸಸ್ಯಾಹಾರವನ್ನು ಸೂಚಿಸುವ ಹಸಿರು ಗುರುತಿನಿಂದ ಅಷ್ಟೂ ತಿಳಿಯದು, ಏಕೆಂದರೆ ಭಾರತೀಯ ಆಹಾರನಿಯಮದ ವ್ಯಾಖ್ಯೆಯಲ್ಲಿ ಜೇನು ಮಾಂಸಾಹಾರದಿಂದ ಹೊರತಾಗಿದ್ದು, ಜೇನು ಬೆರೆತ ಉಂಡೆಗೂ ಹಸಿರು ಗುರುತು ಸಲ್ಲುತ್ತದೆ. ಪೊಟ್ಟಣದ ಮೇಲಿನ ತಯಾರಿಕೆಯ ದಿನಾಂಕ ತಿಂಡಿಯದೇ ಹೊರತು ಹಿಟ್ಟನ್ನು ಬೀಸಿದ ದಿನದ್ದಲ್ಲ. ಆಶಾಧರನು ಇಂಗಿನ ತೊಗಲನ್ನು ಕೇಳಿದಂತೆ, ವ್ರತಿಕನು ಇಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ ಹಿಟ್ಟಿನ ದಿನವೇ. ಅದಕ್ಕೆ ಉತ್ತರ ಬರೆದ ಪೊಟ್ಟಣವು ದೊರೆಯದಿರುವಷ್ಟು ಕಾಲ, ಶುಚಿಮಾಡಿ ಹುರಿದ ಇಡಿಕಾಳೂ ಹೊರಡುವ ಮುನ್ನಾದಿನ ಮನೆಯಲ್ಲಿ ಬೀಸಿ ತುಪ್ಪದಲ್ಲಿ ಕಟ್ಟಿದ ಉಂಡೆಯೂ ಅವನ ಗಂಟಿನಲ್ಲಿರುತ್ತವೆ.